ಒಬ್ಬರದ್ದೇ ಮೆಟಲ್ ಬ್ಯಾಂಡ್: ಮನೆಯಲ್ಲೇ ನಾಲ್ಕು ಹಾಡು ರೆಕಾರ್ಡ್ ಮಾಡಿ ಮುಗಿಸುವುದು ಹೇಗೆ

ಮನೆಯಲ್ಲಿ ಒಬ್ಬರೇ ಕೂತು ಮೆಟಲ್ ಮಾಡುವವರ ಕಂಪ್ಯೂಟರ್ ತೆರೆದು ನೋಡಿದರೆ ಸಾಮಾನ್ಯವಾಗಿ ಸಿಗೋದು ಒಂದೇ ಕಥೆ. ರಿಫ್ಫು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನಲವತ್ತು, ಪೂರ್ತಿ ಹಾಡು ಒಂದೂ ಇಲ್ಲ. ‘ಹೊಸ ರಿಫ್ 3’, ‘ಫೈನಲ್’, ‘ಫೈನಲ್ ನಿಜವಾಗ್ಲೂ’ ಅಂತ ಫೈಲುಗಳ ಸಾಲು. ನನ್ನದೂ ಹಾಗೇ ಇತ್ತು, ಎರಡು ವರ್ಷ.

ಬ್ಯಾಂಡಿನಲ್ಲಿ ಇದ್ದರೆ ಡ್ರಮ್ಮರ್ ‘ಸಾಕು ಮಾರಾಯ, ಇದನ್ನೇ ಎಷ್ಟು ಸಲ ಬಾರಿಸೋದು’ ಅಂತಾನೆ. ಬೇಸ್ ನುಡಿಸುವವನು ‘ಈ ಭಾಗ ಎಳೀತಾ ಇದೆ’ ಅಂತ ಮುಖ ಸಿಂಡರಿಸುತ್ತಾನೆ. ಜಗಳ ಆಗುತ್ತದೆ, ಹಾಡೂ ಆಗುತ್ತದೆ. ಒಬ್ಬರೇ ಇದ್ದಾಗ ಜಗಳಕ್ಕೆ ಜನ ಇಲ್ಲ, ಹಾಡಿಗೆ ಕೊನೆಯೂ ಇಲ್ಲ. ಅದಕ್ಕೇ ಈ ಬರಹದಲ್ಲಿ ಗಿಟಾರು, ಸಾಫ್ಟ್‌ವೇರ್, ಮೈಕು ಎಲ್ಲದರ ಜೊತೆ ಅಲ್ಲಲ್ಲಿ ಒಂದೊಂದು ಬೀಗವನ್ನೂ ಕೊಡುತ್ತೇನೆ. ಬೀಗ ಹಾಕಿದ ಕೋಣೆಗೆ ವಾಪಸ್ ಹೋಗುವಂತಿಲ್ಲ, ಅಷ್ಟೇ ನಿಯಮ.

ಇದೇನೂ ಹೊಸ ಹುಚ್ಚಲ್ಲ. ಟಾಸ್ಕಾಮ್ ಕಂಪನಿ 1979ರಲ್ಲಿ ಪೋರ್ಟಾಸ್ಟುಡಿಯೋ ತಂದಿತು. ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ (ಒಂದೊಂದು ವಾದ್ಯಕ್ಕೂ ಬೇರೆ ಸಾಲು) ರೆಕಾರ್ಡ್ ಮಾಡುವ ಪೆಟ್ಟಿಗೆ ಅದು. ಸ್ಟಾಕ್‌ಹೋಮ್‌ನಲ್ಲಿ ಬಾಥರಿ ಬ್ಯಾಂಡಿನ ಕ್ವಾರ್ಥನ್ 80ರ ದಶಕದಲ್ಲಿ ತನ್ನ ಆಲ್ಬಂಗಳನ್ನು ರೆಕಾರ್ಡ್ ಮಾಡಿದ್ದು ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡ ಜಾಗದಲ್ಲಿ. ನಾರ್ವೆಯ ಡಾರ್ಕ್‌ಥ್ರೋನ್ 1994ರಲ್ಲಿ ಹೊರತಂದ ಆಲ್ಬಂನಲ್ಲಿ ಎಲ್ಲ ವಾದ್ಯಗಳನ್ನೂ ಫೆನ್ರಿಜ್ ಒಬ್ಬನೇ ಮನೆಯ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ನುಡಿಸಿದ. ಹಾಡಿದ್ದು ಮಾತ್ರ ಜೊತೆಗಾರ. ಆಮೇಲೆ ಕ್ಯಾಲಿಫೋರ್ನಿಯಾದ ಜಾಸ್ತುರ್, ಲೆವಯಥನ್ ಬಂದವು, ಎರಡೂ ಒಬ್ಬೊಬ್ಬರದ್ದೇ. ಅಮೆರಿಕದ ಪ್ಯಾನಾಪ್ಟಿಕಾನ್ ಕೂಡ ಒಬ್ಬನದ್ದೇ. ಅವನು 2012ರಲ್ಲಿ ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕರ ಕಥೆ ಹೇಳುತ್ತಾ ಬ್ಲ್ಯಾಕ್ ಮೆಟಲ್ ಮಧ್ಯೆ ಬ್ಯಾಂಜೋ ತಂದ. ನಮ್ಮಲ್ಲೂ ಸ್ಕೈಹಾರ್ಬರ್ ಶುರುವಾಗಿದ್ದು ದೆಹಲಿಯಲ್ಲಿ ಕೇಶವ್ ಧರ್ ಒಬ್ಬರೇ ಮನೆಯಲ್ಲಿ ಮಾಡುತ್ತಿದ್ದ ಪ್ರಾಜೆಕ್ಟ್ ಆಗಿ. ಬ್ಯಾಂಡ್ ಆಗಿದ್ದು ಆಮೇಲೆ.

ಇವರಲ್ಲಿ ಹೆಚ್ಚಿನವರ ಹತ್ತಿರ ಇದ್ದ ಸಾಮಾನಿಗಿಂತ ಒಳ್ಳೆಯದು ಇವತ್ತು ಒಂದು ಹಳೇ ಲ್ಯಾಪ್‌ಟಾಪಿನಲ್ಲಿದೆ.

ಮೊದಲು ಕ್ಯಾಲೆಂಡರ್, ಆಮೇಲೆ ಗಿಟಾರು

ನಾಲ್ಕು ಹಾಡು, ಒಟ್ಟು 16ರಿಂದ 20 ನಿಮಿಷ. ಇಷ್ಟು ಸಾಕು. ಮೊದಲ ಸಲವೇ ಹತ್ತು ಹಾಡಿನ ಆಲ್ಬಂ ಅಂತ ಹೊರಟವರು ಬಹಳ ಜನ ಇದ್ದಾರೆ, ತಲುಪಿದವರು ಕಡಿಮೆ. ಕೆಲಸಕ್ಕೆ ಹೋಗಿ ಬಂದು ಮಾಡುವವರಾದರೆ ಹನ್ನೆರಡು ವಾರ ಇಟ್ಟುಕೊಳ್ಳಿ. ಬರೆಯೋಕೆ ನಾಲ್ಕು ವಾರ, ರೆಕಾರ್ಡಿಂಗ್‌ಗೆ ಐದು, ಮಿಕ್ಸಿಂಗ್‌ಗೆ ಎರಡು, ಉಳಿದ ಒಂದು ವಾರ ಮುಖಪುಟ, ಅಪ್‌ಲೋಡ್ ಇತ್ಯಾದಿಗೆ. ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಮನೆಯವರಿಗೂ ಕಾಣುತ್ತದೆ, ನಿಮಗೂ ನಾಚಿಕೆ ಇರುತ್ತದೆ.

ಯಾವ ಬಗೆಯ ಮೆಟಲ್ ಅನ್ನೋದನ್ನು ನಿಮ್ಮ ಕೈಯ ತಾಕತ್ತು ನೋಡಿ ಆರಿಸಿ. ಒರಟು ಬ್ಲ್ಯಾಕ್ ಮೆಟಲ್, ಡೂಮ್ ಇವು ಮನೆಯ ರೆಕಾರ್ಡಿಂಗಿನ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಟೆಕ್ನಿಕಲ್ ಡೆತ್ ಮೆಟಲ್ ಹಾಗಲ್ಲ, ಒಂದು ನೋಟ್ ಆಚೀಚೆ ಆದರೂ ಎತ್ತಿ ತೋರಿಸುತ್ತದೆ.

ಸಾಮಾನು

ಬೇಕಾಗೋದು ಇಷ್ಟು: ಹಂಬಕರ್ ಪಿಕಪ್ (ಗುಂಯ್ ಸದ್ದು ತಗ್ಗಿಸುವ ಜೋಡಿ ಸುರುಳಿ) ಇರುವ ಒಂದು ಗಿಟಾರು, ಒಂದೋ ಎರಡೋ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಗಿಟಾರು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಡೈನಮಿಕ್ ಮೈಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂಸಿ22 ಇಂಥ ಇಂಟರ್‌ಫೇಸುಗಳು ಸೆಕೆಂಡ್ ಹ್ಯಾಂಡಿನಲ್ಲೂ ಸಿಗುತ್ತವೆ. ಮೈಕಿಗೆ ಶ್ಯೂರ್ ಎಸ್‌ಎಂ57 ಅಥವಾ 58. ಎರಡೂ 60ರ ದಶಕದ ವಿನ್ಯಾಸ, ಇವತ್ತಿಗೂ ಮೆಟಲ್ ಗಂಟಲುಗಳು ಅವುಗಳ ಮುಂದೇ ಹರಿಯುತ್ತಿವೆ. ದುಬಾರಿ ಕಂಡೆನ್ಸರ್ ಮೈಕು ಬೇಡ. ಅದಕ್ಕೆ ಪಕ್ಕದ ಮನೆಯ ಕುಕ್ಕರ್ ವಿಸಿಲ್ ಕೂಡ ಸ್ಪಷ್ಟವಾಗಿ ಕೇಳಿಸುತ್ತದೆ.

ಸಾಫ್ಟ್‌ವೇರಿಗೆ ನನ್ನ ಆಯ್ಕೆ ರೀಪರ್. ಹಾಡು ಕೇಳಿಸುತ್ತಿದ್ದ ಹಳೇ ವಿನ್‌ಆಂಪ್ ನೆನಪಿದೆಯಾ? ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಮಾಡಿದ್ದು. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಲೈಸೆನ್ಸಿಗೆ 60 ಡಾಲರ್. ಆಂಪ್ಲಿಫೈಯರ್ ಬದಲು ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಉಚಿತ ಪ್ಲಗಿನ್ (ರೀಪರ್ ಒಳಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿಕೊಳ್ಳಿ. ನಿಜವಾದ ಆಂಪ್‌ಗಳ ನಡವಳಿಕೆಯನ್ನು ಕಲಿತ ಮಾಡೆಲ್‌ಗಳನ್ನು ಜನ ಪುಕ್ಕಟೆ ಹಂಚುತ್ತಾರೆ. ಸ್ಪೀಕರ್ ಕ್ಯಾಬಿನೆಟ್ಟಿನ ಸದ್ದಿಗೆ ಇಂಪಲ್ಸ್ ರೆಸ್ಪಾನ್ಸ್ ಫೈಲು ಬೇಕು, ಅದೂ ಪುಕ್ಕಟೆ ಸಿಗುತ್ತದೆ. ಡ್ರಮ್ಸಿಗೆ ಎಂಟಿ ಪವರ್ ಡ್ರಮ್‌ಕಿಟ್ ಅಥವಾ ಸ್ಟೀವನ್ ಸ್ಲೇಟ್ ಡ್ರಮ್ಸ್‌ನ ಉಚಿತ ಆವೃತ್ತಿ.

ಇಲ್ಲಿ ಮೊದಲ ಬೀಗ. ಇಷ್ಟು ಇನ್‌ಸ್ಟಾಲ್ ಮಾಡಿದ ಮೇಲೆ ನಾಲ್ಕು ಹಾಡು ಮುಗಿಯುವ ತನಕ ಹೊಸ ಪ್ಲಗಿನ್ ಹುಡುಕುವಂತಿಲ್ಲ. ರಾತ್ರಿ ಹನ್ನೊಂದರ ಮೇಲೆ ಪ್ಲಗಿನ್ ವಿಡಿಯೋ ನೋಡೋದು ಸಂಗೀತ ಅಲ್ಲ, ಕಿಟಕಿ ಶಾಪಿಂಗ್.

ಗುಂಯ್ ಅನ್ನೋ ಸದ್ದು

ಗಿಟಾರ್ ಚುಚ್ಚಿ ಗೇನ್ (ಸಿಗ್ನಲ್ಲಿನ ಬಲ) ಏರಿಸಿದ ಕೂಡಲೇ ‘ಗುಂಯ್’ ಅಂತ ಬರುವ ಸದ್ದು ಈ ದಾರಿಯ ಮೊದಲ ಬೇತಾಳ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಆ ಸದ್ದು 50, 100, 150 ಹರ್ಟ್ಜ್‌ಗಳಲ್ಲಿ ಕೂತಿರುತ್ತದೆ. ಲೋ ರಿಫ್ಫುಗಳೂ ಅಲ್ಲೇ ಇರುತ್ತವೆ, ಆದ್ದರಿಂದ ಆಮೇಲೆ ಈಕ್ಯೂನಲ್ಲಿ (ಸದ್ದಿನ ಒಂದೊಂದು ಹರ್ಟ್ಜ್ ಭಾಗವನ್ನು ಏರಿಸಿ ಇಳಿಸುವ ಪ್ಲಗಿನ್) ಕತ್ತರಿಸುತ್ತೇನೆ ಅಂದರೆ ಆಗಲ್ಲ.

ನಾನು ಮೂರು ದಿನ ಕೇಬಲ್ ಬದಲಿಸಿದೆ, ಗಿಟಾರ್ ಬಿಚ್ಚಿ ಒಳಗೆಲ್ಲ ನೋಡಿದೆ, ಇಂಟರ್‌ಫೇಸನ್ನೇ ಬೈದೆ. ನಾಲ್ಕನೇ ದಿನ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು, ಸದ್ದು ಮಾಯ! ತಪ್ಪು ಇದ್ದದ್ದು ಎರಡು ಪಿನ್ನಿನ ಚಾರ್ಜರಿನಲ್ಲಿ. ಅಂದಿನಿಂದ ಟೇಕ್ (ಒಂದು ಸಲದ ರೆಕಾರ್ಡಿಂಗ್) ತೆಗೆಯುವಾಗ ಚಾರ್ಜರ್ ಕಿತ್ತಿಡುತ್ತೇನೆ.

ನೀವೂ ಇದೇ ಕ್ರಮದಲ್ಲಿ ಹುಡುಕಿ. ಮೊದಲು ಚಾರ್ಜರ್ ತೆಗೆಯಿರಿ. ಆಮೇಲೆ ಫ್ಯಾನ್ ಆಫ್ ಮಾಡಿ, ರೆಗ್ಯುಲೇಟರ್ ಕೂಡ ಸದ್ದು ಹಾಕುತ್ತದೆ. ಟ್ಯೂಬ್‌ಲೈಟ್, ಇನ್ವರ್ಟರ್, ಮೊಬೈಲ್ ದೂರ ಇಡಿ. ಕೂತಲ್ಲೇ ಗಿಟಾರನ್ನು ನಿಧಾನವಾಗಿ ತಿರುಗಿಸಿ. ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ತಗ್ಗುತ್ತದೆ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಕುರ್ಚಿಯ ಗುರುತು ಹಾಕಿ, ದಿನಾ ಅಲ್ಲೇ ಕೂರಿ.

ಒಂದು ಎಚ್ಚರಿಕೆ. ತಂತಿ ಮುಟ್ಟಿದಾಗಲೋ ಮೈಕಿಗೆ ತುಟಿ ತಾಗಿದಾಗಲೋ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಮನೆಯ ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ಎಲೆಕ್ಟ್ರಿಷಿಯನ್ ಕರೆಸಿ. ಗುಂಯ್ ಹೋಗಲಿ ಅಂತ ಮೂರನೇ ಪಿನ್ ಮುರಿಯುವ ಕೆಲಸ ಯಾವತ್ತೂ ಮಾಡಬೇಡಿ.

ಇನ್ನು ಕಂಪ್ಯೂಟರ್ ಸೆಟ್ಟಿಂಗ್. ವಿಂಡೋಸ್ ಆದರೆ ಇಂಟರ್‌ಫೇಸಿನ ಸ್ವಂತ ಅಸಿಯೋ ಡ್ರೈವರ್ (ಸದ್ದು ತಡವಾಗದಂತೆ ಮಾಡುವ ಸಾಫ್ಟ್‌ವೇರ್) ಹಾಕಿ. 48 ಕಿಲೋಹರ್ಟ್ಜ್, 24 ಬಿಟ್, ಬಫರ್ 128 ಸ್ಯಾಂಪಲ್. ಈ ಬಫರ್ ಅಂದರೆ ಲೆಕ್ಕದಲ್ಲಿ ಸುಮಾರು 2.7 ಮಿಲಿಸೆಕೆಂಡ್. ಒಳಗೆ ಹೋಗಿ ಹೊರಗೆ ಬರೋದೆಲ್ಲ ಸೇರಿ ಇನ್ನೂ ಜಾಸ್ತಿ ಆಗುತ್ತದೆ, ಆದರೂ ಕೈಗೆ ತಡ ಅನಿಸಲ್ಲ. ಮಿಕ್ಸ್ ಮಾಡುವಾಗ ಬಫರ್ 1024ಕ್ಕೆ ಏರಿಸಿ, ಕಂಪ್ಯೂಟರ್ ಉಸಿರಾಡಲಿ.

ರಿಫ್ಫಿನಿಂದ ಹಾಡಿಗೆ

ರಿಫ್ಫನ್ನು ಕಂಪ್ಯೂಟರ್ ಮುಂದೆ ಹುಡುಕಬೇಡಿ. ಆಂಪ್ ಇಲ್ಲದೆ, ಮಂಚದ ಮೇಲೆ ಕೂತು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಬರೀ ತಂತಿಯ ಸದ್ದಿನಲ್ಲಿ ಚೆನ್ನಾಗಿ ಕೇಳಿದ ರಿಫ್ ಡಿಸ್ಟಾರ್ಶನ್‌ನಲ್ಲೂ (ಆಂಪಿನಲ್ಲಿ ಒಡೆದ ಒರಟು ಸದ್ದು) ಚೆನ್ನಾಗಿರುತ್ತದೆ. ಇದನ್ನೇ ತಿರುಗಿಸಿ ಹೇಳಿದರೆ ನಿಜ ಅಲ್ಲ. ಒಂದು ವಾರ ಆದ ಮೇಲೆ ಕೇಳಿ. ನೆನಪಿನಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಿ, ಉಳಿದದ್ದಕ್ಕೆ ನಮಸ್ಕಾರ.

ಕರ್ನಾಟಕ ಸಂಗೀತ ಸ್ವಲ್ಪ ಕಲಿತು ಬಿಟ್ಟವರಿಗೆ ಇಲ್ಲೊಂದು ಖುಷಿ ಇದೆ. ಮೆಟಲ್‌ನವರು ಫ್ರಿಜಿಯನ್ ಅಂತ ಕರೆಯುವ ಸ್ಕೇಲು ನಮ್ಮ ಹನುಮತೋಡಿಯ ಸ್ವರಗಳೇ. ಹಾರ್ಮೋನಿಕ್ ಮೈನರ್ ಅಂದರೆ ಕೀರವಾಣಿ. ಡಬಲ್ ಹಾರ್ಮೋನಿಕ್ ಅಂತ ಹೆದರಿಸುವುದು ಪಾಠದ ಮೊದಲ ದಿನ ಹಾಡಿದ ಮಾಯಾಮಾಳವಗೌಳ. ಸರಳೆ ವರಸೆಯನ್ನು ಟ್ರೆಮಲೋ ಪಿಕಿಂಗಿನಲ್ಲಿ (ಪಿಕ್ಕಿನಿಂದ ಮೇಲೆ ಕೆಳಗೆ ಪಟಪಟ ಮೀಟುವುದು) ಮೂರನೇ ಕಾಲದಲ್ಲಿ ನುಡಿಸಿ ನೋಡಿ. ಅರ್ಧ ಬ್ಲ್ಯಾಕ್ ಮೆಟಲ್ ಅಲ್ಲೇ ಇದೆ. ಗಮಕ ಬೇಡ ಅಂತಲ್ಲ, ಆದರೆ ಗೇನ್ ಜಾಸ್ತಿ ಇದ್ದಾಗ ಎರಡು ತಂತಿ ಒಟ್ಟಿಗೆ ಬಾಗಿಸಿದರೆ ಕೆಸರಾಗುತ್ತದೆ. ಒಂಟಿ ತಂತಿಯಲ್ಲಿ ಮಾಡಿ.

ಲಯಕ್ಕೂ ದೂರ ಹೋಗಬೇಕಾಗಿಲ್ಲ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಏಳರ ರಿಫ್ಫಿಗೆ ಹೇಳಿ ಮಾಡಿಸಿದ ಅಳತೆ. ನಾನು ಒಂದು ಹಾಡಿಗೆ ಹೀಗೆ ಶುರು ಮಾಡಿದೆ: ‘ಕತ್ತಲೊಳಗಡೆ ಕೂಗುತಿರುವೆನು’. ಒಡೆದು ನೋಡಿ: ಕತ್ತ, ಲೊಳಗಡೆ, ಕೂಗು, ತಿರುವೆನು. ಮೂರು, ನಾಲ್ಕು, ಮೂರು, ನಾಲ್ಕು. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮುವುದು) ತೆಗೆದು ಪವರ್ ಕಾರ್ಡ್ (ಎರಡು ಸ್ವರದ ಜೋಡಿ) ಬಿಟ್ಟೆ, ಉಳಿದ ಮಾತ್ರೆಗಳಿಗೆ ಲೋ ತಂತಿಯಲ್ಲಿ ಮ್ಯೂಟ್. ಮೆಟ್ರೋನೋಮ್ ಎಣಿಸುವ ಕಷ್ಟವೇ ಬರಲಿಲ್ಲ, ಬಾಯಲ್ಲಿ ಸಾಲು ಹೇಳುತ್ತಿದ್ದರೆ ಕೈ ತಾನಾಗಿ ಹೋಯಿತು.

ರಚನೆಗೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ: ಯಾವ ರಿಫ್, ಎಷ್ಟು ಸಲ, ಎಷ್ಟು ವೇಗ. ಕ್ಲಿಕ್ಕಿಗೆ ಸರಿಯಾಗಿ ಒರಟಾಗಿ ಒಂದು ಗಿಟಾರ್ ನುಡಿಸಿ ಪೂರ್ತಿ ಹಾಡಿನ ಅಸ್ಥಿಪಂಜರ ಮಾಡಿ. ಅದನ್ನು ಬಸ್ಸಿನಲ್ಲಿ, ನಡೆಯುವಾಗ ಒಂದೆರಡು ದಿನ ಕೇಳಿ. ಗಮನ ಬೇರೆ ಕಡೆ ಹೋದ ಜಾಗ ಉದ್ದ ಆಗಿದೆ ಅಂತ ಲೆಕ್ಕ. ಕತ್ತರಿಸಿ, ಬೀಗ ಹಾಕಿ. ಇನ್ನು ರಚನೆ ಬದಲಾಗುವುದಿಲ್ಲ.

ಡ್ರಮ್ಮರ್‌ಗೆ ಎರಡೇ ಕೈ

ಪ್ರೋಗ್ರಾಮ್ ಮಾಡಿದ ಡ್ರಮ್ಸ್ ಅಂದರೆ ಮೋಸ ಅನ್ನುವವರಿಗೆ ಒಂದೇ ಮಾತು ಸಾಕು. ಜಗತ್ತಿನ ಭಯಂಕರ ಡ್ರಮ್ಮರುಗಳಲ್ಲಿ ಒಬ್ಬನಾದ ಟೋಮಾಸ್ ಹಾಕೆ ಇರುವ ಮೆಶುಗ್ಗಾ ಬ್ಯಾಂಡೇ 2005ರ ಆಲ್ಬಂನಲ್ಲಿ ಡ್ರಮ್ಸ್ ಅನ್ನು ಸಾಫ್ಟ್‌ವೇರಿನಲ್ಲಿ ಪ್ರೋಗ್ರಾಮ್ ಮಾಡಿತ್ತು.

ಆದರೆ ನಂಬಿಸಬೇಕು. ಕಂಪ್ಯೂಟರಿಗೆ ಎಂಟು ಕೈ ಬೇಕಾದರೂ ಇರಬಹುದು, ಮನುಷ್ಯನಿಗೆ ಎರಡೇ. ಸ್ನೇರ್, ಹೈಹ್ಯಾಟ್, ಕ್ರ್ಯಾಶ್ ಮೂರೂ ಒಂದೇ ಕ್ಷಣಕ್ಕೆ ಕೋಲಿನಿಂದ ಬಿದ್ದರೆ ಕೇಳುವವರ ಕಿವಿಗೆ ಏನೋ ಸುಳ್ಳು ಅನಿಸುತ್ತದೆ, ಏನು ಅಂತ ಗೊತ್ತಾಗದೇ ಇದ್ದರೂ. ಫಿಲ್ (ಎರಡು ಭಾಗಗಳ ನಡುವೆ ಬರುವ ಡ್ರಮ್ ತುಣುಕು) ಬಾರಿಸುವಾಗ ಎರಡೂ ಕೈ ಟಾಮ್ ಮೇಲೆ ಇರುತ್ತವೆ, ಅಲ್ವಾ? ಹಾಗಿದ್ದರೆ ಅಲ್ಲಿ ಹ್ಯಾಟ್ ತೆಗೆದುಬಿಡಿ.

ಬ್ಲಾಸ್ಟ್ ಬೀಟ್, ಅಂದರೆ ಕಿಕ್ಕನ್ನೂ ಸ್ನೇರನ್ನೂ ಅತಿ ವೇಗವಾಗಿ ಬಾರಿಸುವ ನಡೆ, ಅದರ ಲೆಕ್ಕ ನೋಡಿ. ನಿಮಿಷಕ್ಕೆ 200 ಬೀಟ್, ಹದಿನಾರನೇ ನೋಟುಗಳು. ಅಂದರೆ ಒಂದು ಏಟಿನಿಂದ ಇನ್ನೊಂದಕ್ಕೆ 75 ಮಿಲಿಸೆಕೆಂಡ್. ಕಿಕ್ಕೂ ಸ್ನೇರೂ ಒಂದಾದ ಮೇಲೊಂದು ಬರುವುದರಿಂದ ಪ್ರತಿಯೊಂದಕ್ಕೂ 150 ಮಿಲಿಸೆಕೆಂಡ್ ಬಿಡುವು. ಈ ವೇಗದಲ್ಲಿ ಯಾವ ಮನುಷ್ಯನೂ ಪೂರ್ತಿ ಜೋರಾಗಿ ಹೊಡೆಯಲಾರ. ಹಾಗಾಗಿ ಸ್ನೇರಿನ ವೆಲಾಸಿಟಿ (ಏಟಿನ ಬಲ) ಗರಿಷ್ಠವಾದ 127ರಲ್ಲಿ ಗೆರೆ ಎಳೆದ ಹಾಗೆ ಇಡಬೇಡಿ. 90ರಿಂದ 112ರ ನಡುವೆ ಕುಣಿಸಿ. ಎರಡೂ ಕಾಲಿನಿಂದ ಕಿಕ್ ಬಾರಿಸುವ ಡಬಲ್ ಬೇಸಿನಲ್ಲಿ ಎಡಗಾಲನ್ನು ಏಳೆಂಟು ಅಂಕ ಕೆಳಗಿಡಿ. ನಿಧಾನ ಭಾಗದಲ್ಲಿ ಮಾತ್ರ ಸ್ನೇರ್ ಜೋರಾಗಿ ಬೀಳಲಿ. ಸಾಲಾಗಿ ಒಂದೇ ಗಟ್ಟಿಯಲ್ಲಿ ಬರುವ ಏಟುಗಳು ಹೊಲಿಗೆ ಯಂತ್ರದ ಹಾಗೆ ಕೇಳುತ್ತವೆ. ನನ್ನ ಮೊದಲ ಹಾಡು ಕೇಳಿದ ಗೆಳೆಯ ‘ಟೈಲರ್ ಅಂಗಡಿ ಹಾಕಿದ್ಯಾ’ ಅಂತಲೇ ಕೇಳಿದ್ದ.

ಇನ್ನೆರಡು ಕಿವಿಮಾತು. ಕೋರಸ್ ಬಂದಾಗ ವೇಗ ಎರಡು ಮೂರು ಬೀಟ್ ಏರಿಸಿ, ಉತ್ಸಾಹ ಬಂದರೆ ನಿಜವಾದ ಬ್ಯಾಂಡೂ ಓಡುತ್ತದೆ. ಮೌಸಿನಲ್ಲಿ ಫಿಲ್ ಹೊಳೆಯದಿದ್ದರೆ ತೊಡೆಯ ಮೇಲೆ ಬಾರಿಸಿ ಮೊಬೈಲಿನಲ್ಲಿ ಹಿಡಿಯಿರಿ, ಆಮೇಲೆ ಬರೆದುಕೊಳ್ಳಿ. ತೊಡೆಗೆ ತಾಳ ಗೊತ್ತಿರುವಷ್ಟು ಮೌಸಿಗೆ ಗೊತ್ತಿಲ್ಲ.

ಗಿಟಾರ್ ರೆಕಾರ್ಡಿಂಗ್

ಸಮಯ ಸುರಿಯಬೇಕಾದ ಜಾಗ ಇದು. ಮೆಟಲ್ ರೆಕಾರ್ಡಿಂಗಿನ ಗುಣಮಟ್ಟ ಮುಕ್ಕಾಲು ಪಾಲು ಬಲಗೈಯಲ್ಲಿದೆ, ಪ್ಲಗಿನ್‌ನಲ್ಲಿಲ್ಲ.

ಹೊಸ ತಂತಿ ಹಾಕಿ. ಡ್ರಾಪ್ ಸಿ ಟ್ಯೂನಿಂಗಿನಲ್ಲಿ ಕೆಳಗಿನ ತಂತಿ ಸುಮಾರು 65 ಹರ್ಟ್ಜ್‌ಗೆ ಇಳಿಯುತ್ತದೆ. ಅಂಗಡಿಯಲ್ಲಿ ಕೊಡುವ 9-42 ಅಳತೆಯ ತೆಳು ತಂತಿ ಸೆಟ್ ಅಲ್ಲಿ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. 11-54 ಅಥವಾ ಅದಕ್ಕೂ ದಪ್ಪದ್ದು ತನ್ನಿ. ದಪ್ಪ ತಂತಿ ಹಾಕಿದ ಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ಇಂಟೊನೇಶನ್ ನೋಡಿ. ಹಾರ್ಮೋನಿಕ್ಕೂ ಒತ್ತಿದ ನೋಟೂ ಒಂದೇ ಇರಬೇಕು, ಇಲ್ಲದಿದ್ದರೆ ಸ್ಯಾಡಲ್ ಸ್ಕ್ರೂ ತಿರುಗಿಸಿ. ಮಂಗಳೂರು, ಕಾರವಾರದ ಕಡೆಯವರು ನುಡಿಸಿದ ಮೇಲೆ ತಂತಿ ಒರೆಸೋದು ಮರೆಯಬೇಡಿ, ಆ ಸೆಕೆಗೆ ಎರಡೇ ವಾರದಲ್ಲಿ ತುಕ್ಕು.

ಟ್ಯೂನರಿನಲ್ಲೂ ಒಂದು ಗುಟ್ಟಿದೆ. ಜೋರಾಗಿ ಹೊಡೆದಾಗ ಸಡಿಲ ತಂತಿ ಮೊದಲ ಕ್ಷಣ ಮೇಲಿನ ಸ್ವರಕ್ಕೆ ಹಾರುತ್ತದೆ. ಆದ್ದರಿಂದ ಮೆಲ್ಲಗೆ ಮೀಟಿ ಟ್ಯೂನ್ ಮಾಡಬೇಡಿ. ಹಾಡಿನಲ್ಲಿ ಎಷ್ಟು ಜೋರಾಗಿ ಹೊಡೆಯುತ್ತೀರೋ ಅಷ್ಟೇ ಜೋರಾಗಿ ಹೊಡೆದು ಟ್ಯೂನ್ ಮಾಡಿ. ಪ್ರತಿ ಟೇಕಿಗೂ ಮುಂಚೆ, ಹೌದು, ಪ್ರತಿ ಟೇಕಿಗೂ.

ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಗುಂಡಿ ಒತ್ತಿ. ಅತಿ ಜೋರಾದ ಏಟು ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಬರಲಿ. ಕೆಂಪು ದೀಪ ಬಂದರೆ ಆ ಟೇಕ್ ಕಸಕ್ಕೆ. ಪ್ಲಗಿನ್ ಡಿಸ್ಟಾರ್ಶನ್ ಬೇರೆ, ಇನ್‌ಪುಟ್ ಒಡೆದ ಸದ್ದು ಬೇರೆ. ಟ್ರ್ಯಾಕಿನಲ್ಲಿ ಉಳಿಯುವುದು ಪ್ಲಗಿನ್ ಸೇರದ ಒಣ ಸಿಗ್ನಲ್ ಮಾತ್ರ. ಆಂಪ್ ಪ್ಲಗಿನ್ ಮೂಲಕ ಸುಮ್ನೆ ಕೇಳಿಸಿಕೊಳ್ಳುತ್ತಿರುತ್ತೀರಿ. ಮುಂದೆ ಆಂಪ್ ಬದಲಿಸಬೇಕು ಅನಿಸಿದರೆ ಮತ್ತೆ ನುಡಿಸೋ ಕಷ್ಟ ಇಲ್ಲ.

ಪ್ಲಗಿನ್‌ಗಳ ಸಾಲು ಹೀಗಿರಲಿ: ಮೊದಲು ನಾಯ್ಸ್ ಗೇಟ್ (ನುಡಿಸದಾಗ ಸದ್ದು ಮುಚ್ಚುವುದು), ಆಮೇಲೆ ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್, ಆಮೇಲೆ ಆಂಪ್, ಕೊನೆಗೆ ಕ್ಯಾಬಿನೆಟ್. ಓವರ್‌ಡ್ರೈವಿನಲ್ಲಿ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಮಧ್ಯ. ಅದು ಡಿಸ್ಟಾರ್ಶನ್‌ಗಲ್ಲ. ಕೆಳಗಿನ ಸದ್ದನ್ನು ಕತ್ತರಿಸಿ ಆಂಪಿಗೆ ಕೊಡೋಕೆ. ಪಾಮ್ ಮ್ಯೂಟ್ ಕೊಬ್ಬರಿ ಒಡೆದ ಹಾಗೆ ಗಟ್ಟಿಯಾಗಿ ಬೀಳುವುದು ಇದರಿಂದಲೇ. ಆಂಪಿನ ಗೇನ್ ನಿಮಗೆ ಇಷ್ಟ ಆಗುವಷ್ಟು ಇಟ್ಟು, ಅಲ್ಲಿಂದ ಮೂರನೇ ಒಂದು ಭಾಗ ಇಳಿಸಿ. ಒಂಟಿ ಕೇಳಿದರೆ ಸಪ್ಪೆ ಅನಿಸುತ್ತದೆ. ಎರಡು ಗಿಟಾರ್ ಸೇರಿದಾಗ ತುಂಬುತ್ತದೆ.

ಎರಡು ಗಿಟಾರ್ ಅಂದರೆ ನಿಜಕ್ಕೂ ಎರಡು ಸಲ ನುಡಿಸಬೇಕು. ಒಂದನ್ನು ಕಾಪಿ ಮಾಡಿ ಎಡಕ್ಕೂ ಬಲಕ್ಕೂ ಹಾಕಿದರೆ ಅದು ನಡುವೆ ಕೂತ ಒಂದೇ ಗಿಟಾರ್, ಸ್ವಲ್ಪ ಜೋರು ಅಷ್ಟೇ. ಎರಡು ಟೇಕಿನ ಸಣ್ಣ ಸಣ್ಣ ವ್ಯತ್ಯಾಸದಿಂದಲೇ ಆ ಗೋಡೆಯಂಥ ಅಗಲ ಬರುತ್ತದೆ. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ. ನಾಲ್ಕು ಸಲ ನುಡಿಸುವವರೂ ಇದ್ದಾರೆ. ಕೈ ಅಷ್ಟು ಖಚಿತ ಇಲ್ಲದಿದ್ದರೆ ನಾಲ್ಕರಲ್ಲಿ ಮಬ್ಬಾಗುತ್ತದೆ, ಎರಡೇ ಸಾಕು.

ರಿಫ್ ರಿಫ್ಫಾಗಿ ರೆಕಾರ್ಡ್ ಮಾಡಿ, ಒಂದೇ ಉಸಿರಿಗೆ ಐದು ನಿಮಿಷ ನುಡಿಸಬೇಕಾಗಿಲ್ಲ. ಒಂದು ರಿಫ್ಫಿಗೆ ಇಪ್ಪತ್ತು ಟೇಕ್ ಮಿತಿ. ಅಷ್ಟರಲ್ಲಿ ಬರದಿದ್ದರೆ ಆ ರಿಫ್ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ನಿಧಾನದಲ್ಲಿ ಅಭ್ಯಾಸ ಮಾಡಿ, ನಾಡಿದ್ದು ಬನ್ನಿ. ರಿಫ್ ನಿಂತ ಕಡೆ ಸದ್ದು ಪೂರ್ತಿ ನಿಲ್ಲಬೇಕು. ಆ ಅರ್ಧ ಬೀಟಿನ ಮೌನದಲ್ಲಿ ತಂತಿ ಗುನುಗುತ್ತಿದ್ದರೆ ಕತ್ತರಿ ಹಾಕಿ.

ಸೌಂಡ್ ಆರಿಸೋಕೆ ಒಂದು ಸಂಜೆ. ಆ ಸಂಜೆ ಮುಗಿದ ಮೇಲೆ ಬೀಗ.

ಬೇಸ್

ಬೇಸ್ ಗಿಟಾರ್ ಇಲ್ಲದಿದ್ದರೆ ಗೆಳೆಯರ ಹತ್ತಿರ ಒಂದು ವಾರಕ್ಕೆ ಕೇಳಿ. ಅದೂ ಇಲ್ಲ ಅಂದರೆ ಗಿಟಾರನ್ನೇ ಪ್ಲಗಿನ್‌ನಲ್ಲಿ ಒಂದು ಆಕ್ಟೇವ್ ಕೆಳಗಿಳಿಸಿ, ಕಳ್ಳಾಟ ಆದರೂ ನಡೆಯುತ್ತದೆ. ರೆಕಾರ್ಡ್ ಮಾಡಿದ ಬೇಸನ್ನು ಎರಡು ಟ್ರ್ಯಾಕ್ ಮಾಡಿ. ಒಂದರಲ್ಲಿ 200 ಹರ್ಟ್ಜ್ ಕೆಳಗಿನದ್ದು ಮಾತ್ರ, ಶುದ್ಧವಾಗಿ, ಚೆನ್ನಾಗಿ ಕಂಪ್ರೆಸ್ (ಜೋರು, ಮೆಲ್ಲಗಿನ ಸದ್ದಿನ ಅಂತರ ತಗ್ಗಿಸುವುದು) ಮಾಡಿ. ಇನ್ನೊಂದರಲ್ಲಿ ಅದರ ಮೇಲಿನದ್ದು, ಡಿಸ್ಟಾರ್ಶನ್ ಹಾಕಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಿಸುವುದು ಈ ಎರಡನೇದು.

ಗಂಟಲು

ಮೊದಲನೇ ಮಾತು: ಗ್ರೌಲ್ (ಮೆಟಲ್ಲಿನ ಗುಡುಗು ದನಿ) ಅಂದರೆ ಕಿರುಚೋದಲ್ಲ. ಭಾರ ಎತ್ತುವಾಗ ‘ಹೂಂ’ ಅಂತ ಮುಕ್ಕುತ್ತೇವಲ್ಲ, ಆ ಜಾಗದಲ್ಲಿ ಹುಟ್ಟುವ ಸದ್ದನ್ನು ಹೊಟ್ಟೆಯ ಉಸಿರಿನಿಂದ ತಳ್ಳುವುದು. ಎದುರಿಗೆ ನಿಂತು ಕೇಳಿದರೆ ಆಶ್ಚರ್ಯ ಆಗುವಷ್ಟು ಮೆಲ್ಲಗಿರುತ್ತದೆ, ದೊಡ್ಡದಾಗಿಸೋದು ಮೈಕು. ನೋವಾದರೆ, ಗಂಟಲು ಕೆರೆದರೆ ನಿಲ್ಲಿಸಿ. ಮಾಮೂಲಿ ದನಿಯಲ್ಲಿ ಹತ್ತು ನಿಮಿಷ ಗುನುಗಿ ಶುರು ಮಾಡಿ, ದಿನಕ್ಕೆ ಅರ್ಧ ಗಂಟೆ ಮೀರಬೇಡಿ. ಕುಡಿಯೋಕೆ ತಣ್ಣೀರಲ್ಲ, ಮಾಮೂಲಿ ನೀರು.

ಜಾಗದ್ದು ದೊಡ್ಡ ತಲೆನೋವು. ಬಟ್ಟೆ ತುಂಬಿದ ಮರದ ಕಪಾಟಿನ ಬಾಗಿಲು ತೆರೆದು ಅದರೊಳಗೆ ಮುಖ ಹಾಕಿ ಹಾಡಿದರೆ ಪ್ರತಿಧ್ವನಿ ಇರಲ್ಲ. ಬೆನ್ನ ಹಿಂದೆ ಎರಡು ಕಂಬಳಿ ನೇತುಹಾಕಿ. ಕೋಣೆಯಲ್ಲಿ ಕಬ್ಬಿಣದ ಬೀರು ಇದ್ದರೆ ಹುಷಾರು, ಅದು ನಿಮ್ಮ ಜೊತೆ ಹಾಡುತ್ತದೆ. ನಾನು ಒಮ್ಮೆ ಕಾರಿನೊಳಗೆ ಕೂತು ರೆಕಾರ್ಡ್ ಮಾಡಿದ್ದೆ, ಊರ ಹೊರಗಿನ ಲೇಔಟಿನಲ್ಲಿ, ಗಾಜು ಏರಿಸಿ. ಸೌಂಡ್ ಅದ್ಭುತವಾಗಿ ಬಂತು. ಮೂರನೇ ಟೇಕಿಗೆ ಒಬ್ಬರು ಟಾರ್ಚ್ ಹಿಡಿದು ಬಂದು, ಹೊಟ್ಟೆನೋವಾ, ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾ ಅಂತ ಕೇಳಿದರು. ಮುಂಚೆಯೇ ಅಕ್ಕಪಕ್ಕದವರಿಗೆ ಹೇಳಿಬಿಡಿ.

ಕನ್ನಡದಲ್ಲಿ ಹಾಡುವವರಿಗೆ ಬೇರೆಯೇ ಸವಾಲು. ನಮ್ಮ ಮಾತುಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. ‘ಕತ್ತಲು’ ಅಂತ ಪುಸ್ತಕದ ಹಾಗೆ ಗ್ರೌಲ್ ಮಾಡಿದರೆ ಕೊನೆಯ ಉಕಾರ ಬಾಲದ ಹಾಗೆ ಅಲ್ಲಾಡುತ್ತದೆ. ಆಡುಮಾತಿನ ‘ಕತ್ಲು’ ಗಟ್ಟಿಯಾಗಿ ಕೂರುತ್ತದೆ. ಏಳರ ರಿಫ್ಫಿನಂಥ ಕಡೆ ಮಾತ್ರೆ ಎಣಿಸಿ ಬರೆದಿದ್ದರೆ ಮಾತ್ರ ಪೂರ್ತಿ ಉಚ್ಚಾರಣೆ ಇಡಿ. ಕೆಳಗಿನ ಗ್ರೌಲಿಗೆ ಆ, ಓ ಚೆನ್ನ. ಈಕಾರ ಅಲ್ಲಿ ತೆಳುವಾಗುತ್ತದೆ. ಅದೇ ಈಕಾರ ಬ್ಲ್ಯಾಕ್ ಮೆಟಲ್ಲಿನ ಎತ್ತರದ ಕಿರುಚಲಿಗೆ ಬ್ಲೇಡಿನ ಹಾಗೆ ಕೆಲಸ ಮಾಡುತ್ತದೆ. ಒತ್ತಕ್ಷರಗಳು ಸ್ನೇರಿನ ಮೇಲೆ ಬೀಳುವಂತೆ ಸಾಲು ಹೊಂದಿಸಿ. ‘ರಕ್ತ’, ‘ಬತ್ತಿದ’, ‘ಕಗ್ಗಲ್ಲು’, ಇವುಗಳಿಗೆ ಹುಟ್ಟಿನಿಂದಲೇ ಡ್ರಮ್ ಇದೆ.

ವಿಷಯಕ್ಕೂ ನಾರ್ವೆಯ ಹಿಮ ಯಾಕೆ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಆ ಭಯದಿಂದ ಹುಟ್ಟಿದ ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ದಿನಾ ವಾಪಸ್ ಕಳಿಸಿದ ಊರುಗಳು ನಮ್ಮವು. ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಾ?

ಮೈಕಿಗೂ ಬಾಯಿಗೂ ಮೂರು ನಾಲ್ಕು ಬೆರಳಿನ ಅಂತರ ಇರಲಿ. ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಬೇಡಿ. ವಿಡಿಯೋದಲ್ಲಿ ಚೆನ್ನಾಗಿ ಕಂಡರೂ ಸದ್ದು ಡಬ್ಬಿಯೊಳಗಿನದ್ದಾಗುತ್ತದೆ. ಮುಖ್ಯ ಸಾಲುಗಳನ್ನು ಎರಡು ಸಲ ಹಾಡಿ ಒಂದರ ಕೆಳಗೆ ಇನ್ನೊಂದನ್ನು ಸಣ್ಣದಾಗಿ ಇಡಿ.

ಮಿಕ್ಸಿಂಗ್

ಒಂದು ವಾರ ಹಾಡುಗಳನ್ನು ಮುಟ್ಟಬೇಡಿ, ಆಮೇಲೆ ಕೂರಿ. ನಿಮಗೆ ಇಷ್ಟವಾದ ಒಂದು ಆಲ್ಬಂನ ಹಾಡನ್ನು ಪ್ರಾಜೆಕ್ಟಿನಲ್ಲೇ ಒಂದು ಟ್ರ್ಯಾಕಿಗೆ ಹಾಕಿ, ನಿಮ್ಮ ಹಾಡಿನಷ್ಟೇ ಸದ್ದಿಗೆ ಇಳಿಸಿ. ಕಿವಿ ದಾರಿ ತಪ್ಪಿದಾಗ ಅದನ್ನು ಕೇಳಿ ವಾಪಸ್ ಬನ್ನಿ.

ಮೊದಲು ಡ್ರಮ್ಸ್ ಮತ್ತು ಬೇಸ್ ಎರಡೇ ಇಟ್ಟು ಹೊಂದಿಸಿ. ಆಮೇಲೆ ಗಿಟಾರ್ ತನ್ನಿ. ಗಿಟಾರಿನಲ್ಲಿ 80ರಿಂದ 100 ಹರ್ಟ್ಜ್ ಕೆಳಗಿನದ್ದೆಲ್ಲ ಕತ್ತರಿಸಿ, ಆ ಜಾಗ ಬೇಸಿನದ್ದು. ಮೇಲೆ 10 ಕಿಲೋಹರ್ಟ್ಜ್ ಆಚೆಗಿನದ್ದೂ ಕತ್ತರಿಸಿ. 3ರಿಂದ 5 ಕಿಲೋಹರ್ಟ್ಜ್ ನಡುವೆ ಎಲ್ಲೋ ಒಂದು ಕಡೆ ಸೊಳ್ಳೆಯಂಥ ಸಿಳ್ಳೆ ಅಡಗಿರುತ್ತದೆ. ಈಕ್ಯೂವಿನ ಸಣ್ಣ ಗಂಟನ್ನು ಎತ್ತರಿಸಿ ಆಚೀಚೆ ಓಡಿಸಿದರೆ ಒಂದು ಕಡೆ ಕಿವಿ ಚುಚ್ಚುತ್ತದೆ. ಅಲ್ಲಿ ನಾಲ್ಕೈದು ಡೆಸಿಬಲ್ ತಗ್ಗಿಸಿ. ಗಂಟಲಿಗೆ ಕಂಪ್ರೆಸರ್ ಧಾರಾಳವಾಗಿ ಹಾಕಿ, ಒಂದಾದ ಮೇಲೆ ಒಂದು ಎರಡು ಇದ್ದರೂ ಪರವಾಗಿಲ್ಲ. ರಿವರ್ಬ್ (ಪ್ರತಿಧ್ವನಿ) ಮಾತ್ರ ಉಪ್ಪಿನ ಹಾಗೆ.

ಯಾವಾಗಲೂ ಸಣ್ಣ ಸದ್ದಿನಲ್ಲಿ ಮಿಕ್ಸ್ ಮಾಡಿ. ಪಕ್ಕದಲ್ಲಿ ಯಾರೋ ಮಾತಾಡಿದರೆ ಕೇಳಿಸಬೇಕು, ಅಷ್ಟೇ. ಜೋರಾಗಿಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಅದೇ ಅಪಾಯ. ಗಂಟೆಗೊಮ್ಮೆ ಎದ್ದು ಹೋಗಿ ಕಾಫಿ ಮಾಡಿ. ಮುಗೀತು ಅನಿಸಿದಾಗ ಮೊಬೈಲ್ ಸ್ಪೀಕರ್, ಅಗ್ಗದ ಇಯರ್‌ಫೋನ್, ಯಾರದ್ದಾದರೂ ಕಾರು, ಮೂರರಲ್ಲೂ ಕೇಳಿ ಕಾಗದದ ಮೇಲೆ ತಪ್ಪುಗಳನ್ನು ಬರೆದುಕೊಳ್ಳಿ. ಹಾಡಿಗೆ ಮೂರು ಸಲ ತಿದ್ದುಪಡಿ. ನಾಲ್ಕನೇ ಸಲ ತೆರೆಯುವಂತಿಲ್ಲ. ಈ ಬೀಗ ಹಾಕೋದೇ ಎಲ್ಲಕ್ಕಿಂತ ಕಷ್ಟ. ನನ್ನ ಎರಡು ವರ್ಷ ಹೋಗಿದ್ದು ಇಲ್ಲೇ, ಸ್ನೇರನ್ನು ಅರ್ಧ ಡೆಸಿಬಲ್ ಏರಿಸುತ್ತಾ ಇಳಿಸುತ್ತಾ.

ಮಾಸ್ಟರಿಂಗ್, ಬಿಡುಗಡೆ

ಕೊನೆಯ ಲಿಮಿಟರಿನಲ್ಲಿ (ಸದ್ದು ಮಿತಿ ಮೀರದಂತೆ ತಡೆಯುವ ಪ್ಲಗಿನ್) ಟ್ರೂ ಪೀಕ್ (ಸದ್ದಿನ ನಿಜವಾದ ತುದಿ) ಮೈನಸ್ 1 ಡೆಸಿಬಲ್ ದಾಟದಿರಲಿ. ಸ್ಪಾಟಿಫೈ ಮಾಮೂಲಿಯಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ಹಾಗಾಗಿ ಹಿಂಡಿ ಹಿಪ್ಪೆ ಮಾಡಿದರೆ ಜೋರಾಗಿ ಕೇಳಿಸಲ್ಲ, ಸ್ನೇರ್ ಸತ್ತುಹೋಗುತ್ತದೆ ಅಷ್ಟೇ. ಮೆಟಲ್‌ಗೆ ಮೈನಸ್ 10 ಆಸುಪಾಸು ನನಗೆ ಸರಿ ಅನಿಸುತ್ತದೆ. ನಾಲ್ಕು ಹಾಡೂ ಒಂದೇ ಮಟ್ಟದಲ್ಲಿರಲಿ.

ಹೆಸರು ಇಡುವ ಮುಂಚೆ ಮೆಟಲ್ ಬ್ಯಾಂಡುಗಳ ಪಟ್ಟಿ ಇರುವ ಎನ್‌ಸೈಕ್ಲೋಪೀಡಿಯಾ ಮೆಟಾಲಮ್ ತಾಣದಲ್ಲಿ ಹುಡುಕಿ, ಎಷ್ಟು ಜನ ಅದೇ ಹೆಸರಿಟ್ಟುಕೊಂಡಿದ್ದಾರೆ ಗೊತ್ತಾಗುತ್ತದೆ. ಕನ್ನಡ ಹೆಸರಾದರೆ ಈ ಸಮಸ್ಯೆ ಕಮ್ಮಿ. ಲೋಗೋ ಮಾಡುವಾಗ ನಮ್ಮ ದುಂಡು ಅಕ್ಷರಗಳಿಗೆ ಸುಮ್ನೆ ಮುಳ್ಳು ಅಂಟಿಸಬೇಡಿ. ಒತ್ತಕ್ಷರಗಳನ್ನು ಬೇರಿನ ಹಾಗೆ ಕೆಳಗೆ ಇಳಿಬಿಡಿ, ತಲೆಕಟ್ಟನ್ನು ಕೊಂಬು ಮಾಡಿ. ಮುಖಪುಟದ ಚಿತ್ರ 3000 ಗುಣಿಸು 3000 ಪಿಕ್ಸೆಲ್, ನೀವೇ ತೆಗೆದ ಫೋಟೋ ಆಗಿರಲಿ. ಮಳೆಗಾಲದ ಒಂದು ಪಾಳು ಗೋಡೆ ಸಾಕು.

ಮೊದಲು ಬ್ಯಾಂಡ್‌ಕ್ಯಾಂಪ್‌ಗೆ ಹಾಕಿ. 2008ರಲ್ಲಿ ಶುರುವಾದ ತಾಣ, ಜಗತ್ತಿನ ಒಬ್ಬೊಂಟಿ ಮೆಟಲ್‌ನವರೆಲ್ಲ ಅಲ್ಲಿದ್ದಾರೆ. ಎಂಪಿ3 ಅಲ್ಲ, ವೇವ್ ಅಥವಾ ಫ್ಲಾಕ್ ಕೊಡಬೇಕು. ಡಿಜಿಟಲ್ ಮಾರಾಟದಲ್ಲಿ ಅವರು 15 ಶೇಕಡಾ ಇಟ್ಟುಕೊಳ್ಳುತ್ತಾರೆ, ದುಡ್ಡು ಪೇಪಾಲ್‌ಗೆ ಬರುತ್ತದೆ. ಪೇಪಾಲ್ 2021ರ ಏಪ್ರಿಲ್‌ನಲ್ಲಿ ಭಾರತದೊಳಗಿನ ವಹಿವಾಟು ನಿಲ್ಲಿಸಿತು. ಹಾಗಾಗಿ ಅದು ಹೊರದೇಶದಿಂದ ಬರುವ ದುಡ್ಡಿಗೆ ಮಾತ್ರ ಅಂದುಕೊಳ್ಳಿ, ಇಲ್ಲಿನ ಗೆಳೆಯರಿಗೆ ಬೇರೆ ದಾರಿ ಮಾಡಿ. ಕನ್ನಡ ಸಾಹಿತ್ಯವನ್ನು ಪೂರ್ತಿಯಾಗಿ ಹಾಡಿನ ಪುಟದಲ್ಲಿ ಹಾಕಿ. ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದರೆ ಪೋಲೆಂಡಿನವರೂ ಹುಡುಕಬಹುದು.

ಹಾಕಿದ ದಿನವೇ ಇನ್ನೊಂದು ಕೆಲಸ ಮುಗಿಸಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಶುರುವಿನಿಂದಲೇ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಡಿ, ಒಣ ಗಿಟಾರ್ ಕೂಡ. ಇವತ್ತಿನ ಪ್ಲಗಿನ್ ಐದು ವರ್ಷದ ಮೇಲೆ ತೆರೆಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ವೇವ್ ಫೈಲು ತೆರೆಯುತ್ತದೆ. ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ. ಯಾವ ಏಟು ಯಾವಾಗ ಅಂತ ಬರೆದಿರುವ ಡ್ರಮ್ಸಿನ ಮಿಡಿ ಫೈಲನ್ನೂ, ವೇಗ ಬರೆದಿಟ್ಟ ಆ ಗೋಡೆಯ ಚೀಟಿಯ ಫೋಟೋವನ್ನೂ ಅದೇ ಫೋಲ್ಡರಿಗೆ ಹಾಕಿ. ಮುಂದೊಂದು ದಿನ ಎರಡು ಕೈ ಎರಡು ಕಾಲಿನ ನಿಜವಾದ ಡ್ರಮ್ಮರ್ ಸಿಕ್ಕರೆ ಅವರ ಕೈಗೆ ಕೊಡೋಕೆ ಬೇಕಾಗುತ್ತದೆ.